ಎರವಲು ಉಳಿ

ತೀರ್ಥಹಳ್ಳಿಯಲ್ಲಿರುವ ನನ್ನ ನಾದಿನಿ ಮಳೆಗಾಲ ಮುಗಿದ ಮೇಲೆ ಅಟ್ಟ ಖಾಲಿ ಮಾಡಿಸುತ್ತಿದ್ದಾಗ ಹಳೆಯ ಹೊದಿಕೆಯಲ್ಲಿ ಸುತ್ತಿಟ್ಟಿದ್ದ ಗಿಟಾರು ಸಿಕ್ಕಿತು. ಅದು ನನ್ನ ತಮ್ಮನದು. ಅವನು ಹೋಗಿ ಒಂಬತ್ತು ವರ್ಷವಾಯಿತು. ಕಾಲೇಜು ಓದುವಾಗ ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಅದನ್ನು ನುಡಿಸುತ್ತಿದ್ದ. ಆಮೇಲೆ ಅಡಿಕೆ, ಸಾಲ, ಸಂಸಾರ ಎಂದು ಗಿಟಾರು ಅಟ್ಟ ಸೇರಿತ್ತು. ಹತ್ತನೆಯ ತರಗತಿ ಓದುವ ಅವನ ಮಗಳು ಅದನ್ನು ಮಗುವಿನಂತೆ ತಬ್ಬಿಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ನಮ್ಮ ಮನೆಗೆ ಬಂದಳು.

"ಅತ್ತೆ, ಇದು ಸರಿಯಾಗುತ್ತಾ?"

ನೋಡಿದೆ. ತಂತಿಗಳೆಲ್ಲ ತುಕ್ಕು ಹಿಡಿದಿದ್ದವು. ತಂತಿಗಳನ್ನು ಹೊತ್ತು ನಿಲ್ಲುವ ಕುದುರೆ ಹಿಂಬದಿಯಲ್ಲಿ ಮೇಲೆದ್ದು, ಅದರ ಕೆಳಗೆ ಒಂದು ಪೋಸ್ಟ್ ಕಾರ್ಡು ತೂರುವಷ್ಟು ಸಂದಿ ಬಿಟ್ಟಿತ್ತು. ದಂಡಿ ಬಿಲ್ಲಿನಂತೆ ಮುಂದಕ್ಕೆ ಬಾಗಿ, ಮೆಟ್ಟಿಲಿಗೂ ತಂತಿಗೂ ನಡುವೆ ಕಿರುಬೆರಳು ಹೋಗುವಂತಿತ್ತು. ವೀಣೆಯಲ್ಲಿ ಇರುವಂತೆ ಇದಕ್ಕೂ ಕುದುರೆ, ಮೆಟ್ಟಿಲು, ಬಿರಡೆ ಎಲ್ಲ ಇವೆ. ನನಗೆ ಗೊತ್ತಿರುವ ಹೆಸರುಗಳಿಂದಲೇ ಕರೆಯುತ್ತೇನೆ.

ಬೆಂಗಳೂರಿಗೆ ಹೋದಾಗ ಒಂದು ಅಂಗಡಿಗೆ ತೋರಿಸಿದೆವು. ಅಲ್ಲಿದ್ದವರು ಅದನ್ನು ಚೀಲದಿಂದ ಪೂರ್ತಿ ಹೊರಗೆ ತೆಗೆಯಲೂ ಇಲ್ಲ. "ಇದರ ಬೆಲೆಗಿಂತ ರಿಪೇರಿಯ ಬೆಲೆ ಜಾಸ್ತಿ ಆಗುತ್ತೆ ಮೇಡಂ. ಹೊಸದು ತಗೊಂಡುಬಿಡಿ" ಎಂದರು. ಅವರ ಲೆಕ್ಕ ಸುಳ್ಳೇನಲ್ಲ. ಆದರೆ ಹುಡುಗಿ ಏನೂ ಮಾತಾಡದೆ ಚೀಲದ ಜಿಪ್ಪು ಎಳೆದುಕೊಂಡ ರೀತಿ ನನ್ನ ಕಣ್ಣಿನಿಂದ ಹೋಗಲಿಲ್ಲ. ಅವಳಿಗೆ ಬೇಕಾಗಿದ್ದುದು ಗಿಟಾರಲ್ಲ, ಈ ಗಿಟಾರು.

ರಿಪೇರಿ ಎನ್ನುವುದು ನಮ್ಮ ಮನೆಗಳಿಗೆ ಹೊಸದೇ? ಒರಳು ಕಲ್ಲು ನುಣುಪಾದರೆ ಉಳಿ ಸುತ್ತಿಗೆ ಹಿಡಿದ ಹೆಂಗಸು ಬಂದು ಕುಟ್ಟಿಕೊಟ್ಟು ಹೋಗುತ್ತಿದ್ದಳು. ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವನು ಬರುತ್ತಿದ್ದ. ಕೊಡೆ ರಿಪೇರಿಯವನಂತೂ ಮೇ ತಿಂಗಳ ಕೊನೆಗೆ ತಪ್ಪದೆ ಬೀದಿಗೆ ಬರುತ್ತಿದ್ದ. "ಹೊಸದು ತಗೊಳ್ಳಿ" ಎಂದು ಹೇಳಿದವರು ಯಾರೂ ಇರಲಿಲ್ಲ. ನಾವೇ ಯಾಕೆ ಮಾಡಬಾರದು ಎನ್ನಿಸಿತು. ನನ್ನ ಮಗನಿಗೆ ಹೇಳಿ ಗಿಟಾರು ರಿಪೇರಿಯ ಉಪಕರಣಗಳ ಬೆಲೆ ತೆಗೆಸಿದೆ. ಅಮೆರಿಕದಿಂದ ಬರುವ ಸಣ್ಣ ಅರಗಳ ಒಂದು ಸೆಟ್ಟಿಗೇ ನೂರು ಡಾಲರಿನ ಮೇಲೆ! ತಂತಿ ಕೂರುವ ಆರು ಗೀರುಗಳನ್ನು ಉಜ್ಜುವುದಕ್ಕಷ್ಟೆ ಅದು. ಅಷ್ಟರಲ್ಲಿ ತಮ್ಮನ ಗಿಟಾರಿನಂಥವು ಒಂದೆರಡು ಬರುತ್ತವೆ.

ಕೊನೆಗೆ ನಮ್ಮ ಬೀದಿಯ ಮೂಲೆಯಲ್ಲಿ ಮರಗೆಲಸ ಮಾಡುವ ಆಚಾರ್ರ ಬಳಿಗೆ ಹೋದೆ. ನಮ್ಮ ಮನೆಯ ಬಾಗಿಲು ಕಿಟಕಿಗಳೆಲ್ಲ ಅವರ ಕೈಯಲ್ಲೇ ಆದವು. ಅವರು ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿ, ನಿಧಾನವಾಗಿ ಹಿಂದಕ್ಕೆ ಕೊಟ್ಟರು.

"ಇದು ನನ್ನ ಕಸುಬಲ್ಲಮ್ಮ. ನಾನು ಬಾಗ್ಲು ಕಿಟಕಿ ಮಾಡೋನು. ವಾದ್ಯಕ್ಕೆ ನಾವು ಕೈ ಹಾಕಬಾರದು."

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದ ನನಗೊಂದು ಚಟವಿದೆ. ಯಾವ ವಸ್ತು ಕೈಗೆ ಬಂದರೂ ಅದು ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು ಎಂದು ಕೆದಕದೆ ಇರಲಾರೆ. ಆ ಕೆಲವು ವಾರ ಗಿಟಾರಿನ ಚರಿತ್ರೆಯನ್ನು ಕೈಗೆ ಸಿಕ್ಕಲ್ಲೆಲ್ಲ ಓದಿದೆ. ಓದುತ್ತಾ ಹೋದಂತೆ ಆಶ್ಚರ್ಯವಾಯಿತು. ಆಚಾರ್ರು ಆಡಿದ ಆ ಮಾತಿನ ಮೇಲೆಯೇ ಇನ್ನೂರು ವರ್ಷಗಳ ಹಿಂದೆ ಜರ್ಮನಿಯ ಒಂದು ಊರಿನಲ್ಲಿ ದೊಡ್ಡ ವ್ಯಾಜ್ಯ ನಡೆದಿತ್ತು.

ಆ ಊರಿನ ಹೆಸರು ಮಾರ್ಕ್‌ನ್ಯೂಕಿರ್ಶೆನ್. ಸ್ಯಾಕ್ಸನಿ ಪ್ರಾಂತ್ಯದ ಅಂಚಿನಲ್ಲಿ, ಬೊಹೀಮಿಯಾದ ಗಡಿಗೆ ತಾಗಿಕೊಂಡಿರುವ ಸಣ್ಣ ಊರು. ಧರ್ಮದ ಕಾರಣಕ್ಕೆ ಬೊಹೀಮಿಯಾ ಬಿಟ್ಟು ಬಂದ ಪಿಟೀಲು ತಯಾರಕರು 1677ರಲ್ಲಿ ಅಲ್ಲಿ ತಮ್ಮದೊಂದು ಸಂಘ ಕಟ್ಟಿಕೊಂಡರು. ನಮ್ಮ ಶಾಸನಗಳಲ್ಲಿ ಬರುವ ಶ್ರೇಣಿಗಳ ಹಾಗೆ ಎನ್ನಬಹುದು. ಯಾರು ಕಸುಬು ಕಲಿಯಬೇಕು, ಯಾರು ಯಾವ ವಸ್ತು ಮಾಡಬೇಕು ಎನ್ನುವುದೆಲ್ಲ ಸಂಘದ ಕೈಯಲ್ಲಿ. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಆರು ತಂತಿಯ ಗಿಟಾರಿಗೆ ಬೇಡಿಕೆ ಬಂತು. ಮೇಜು, ಬೀರು, ಪೆಟ್ಟಿಗೆ ಮಾಡುತ್ತಿದ್ದ ಬಡಗಿಗಳು ಅದನ್ನು ಮಾಡಲು ಶುರು ಮಾಡಿದರು. ಮಾರಾಟವೂ ಚೆನ್ನಾಗಿಯೇ ಆಯಿತು. ಆಗ ಪಿಟೀಲಿನವರಿಗೆ ಸಿಟ್ಟು ಬಂತು.

1826ರಲ್ಲಿ ಅವರು ಸರ್ಕಾರಕ್ಕೆ ದೂರು ಕೊಟ್ಟರು. ಅದರ ಸಾರ ಇಷ್ಟು: ನಾವು ಕಲಾವಿದರು, ನಮ್ಮ ಕೆಲಸದಲ್ಲಿ ಸಂಸ್ಕಾರವಿದೆ. ಬಡಗಿಗಳು ಪೀಠೋಪಕರಣ ಮಾಡುವ ಬರಿಯ ಕೈಗೆಲಸದವರು. ಗಿಟಾರು ವಾದ್ಯ, ವಾದ್ಯದ ಮೇಲಿನ ಹಕ್ಕು ನಮ್ಮದು. ಬಡಗಿಗಳೂ ಸುಮ್ಮನಿರಲಿಲ್ಲ. ಗಿಟಾರು ಈಚೆಗೆ ಬಂದ ವಾದ್ಯ, ಪಿಟೀಲಿನವರ ಹಳೆಯ ಹಕ್ಕುಪತ್ರದಲ್ಲಿ ಅದರ ಹೆಸರೇ ಇಲ್ಲವಲ್ಲ ಎಂದು ವಾದಿಸಿದರು.

ಆ ಬಡಗಿಗಳಲ್ಲಿ ಒಬ್ಬ ಕ್ರಿಸ್ಟಿಯನ್ ಫ್ರೆಡರಿಕ್ ಮಾರ್ಟಿನ್. ಹುಟ್ಟಿದ್ದು 1796ರಲ್ಲಿ. ತಂದೆಯೂ ಬಡಗಿಯೇ. ಹುಡುಗ ವಿಯೆನ್ನಾಕ್ಕೆ ಹೋಗಿ ಯೋಹಾನ್ ಗಿಯೋರ್ಗ್ ಸ್ಟಾಫರ್ ಎಂಬ ಹೆಸರಾಂತ ತಯಾರಕನ ಬಳಿ ಗಿಟಾರಿನ ಕೆಲಸ ಕಲಿತ. ಅಲ್ಲಿಯೇ ಒಟಿಲಿ ಎಂಬವಳನ್ನು ಮದುವೆಯಾಗಿ ಊರಿಗೆ ಮರಳಿದ. ವ್ಯಾಜ್ಯದಲ್ಲಿ ಬಡಗಿಗಳ ಪರವಾಗಿ ಬಂದ ಒಬ್ಬ ಸಗಟು ವ್ಯಾಪಾರಿ, ಮಾರ್ಟಿನ್ ಮಾಡುವ ಗಿಟಾರುಗಳಲ್ಲಿ ಗುಣಕ್ಕಾಗಲಿ ಅಂದಕ್ಕಾಗಲಿ ಕೊರತೆಯೇ ಇಲ್ಲವೆಂದು ಹೇಳಿದ. ಜಗಳ 1830ರ ದಶಕಕ್ಕೂ ಎಳೆಯಿತು. ಕೊನೆಗೆ ಬಡಗಿಗಳ ಹಕ್ಕೇ ನಿಂತಿತು. ಆದರೆ ಮಾರ್ಟಿನ್ನನ ಮನಸ್ಸು ಮುರಿದಿತ್ತೋ ಏನೋ, 1833ರಲ್ಲಿ ಹೆಂಡತಿ ಮಕ್ಕಳೊಂದಿಗೆ ಹಡಗು ಹತ್ತಿ ನ್ಯೂಯಾರ್ಕಿಗೆ ಹೋದ. ಹಡ್ಸನ್ ರಸ್ತೆಯಲ್ಲಿ ಅಂಗಡಿ ಇಟ್ಟ. 1839ರ ಹೊತ್ತಿಗೆ ಪೆನ್ಸಿಲ್ವೇನಿಯಾದ ನಜರೆತ್ ಎಂಬ ಸಣ್ಣ ಊರಿಗೆ ಹೋಗಿ ನೆಲೆಸಿದ. ಮಾರ್ಟಿನ್ ಗಿಟಾರಿನ ಕಾರ್ಖಾನೆ ಇಂದಿಗೂ ಅದೇ ಊರಿನಲ್ಲಿದೆ. ಲೋಕವೆಲ್ಲ ಆಸೆಪಡುವ ಗಿಟಾರು ಹುಟ್ಟಿದ್ದು ಬೀರು ಮಾಡುವವರ ಮನೆಯಲ್ಲಿ, ಅವರ ಉಳಿ, ಕೀಸುಳಿ, ಗರಗಸಗಳಿಂದ.

ಇದಕ್ಕೂ ನಮಗೂ ಏನು ಸಂಬಂಧ ಎನ್ನುವಿರಾ? ಸ್ವಲ್ಪ ಇದೆ. ಈ ಗಿಟಾರುಗಳ ಬೆನ್ನಿಗೂ ಪಕ್ಕೆಗಳಿಗೂ ಬ್ರೆಜಿಲ್ ದೇಶದ ಬೀಟೆ ಜಾತಿಯ ಮರ ಬಳಸುತ್ತಿದ್ದರು. ಅದು ಸಿಗುವುದು ದುರ್ಲಭವಾದಾಗ, 1969ರ ಸುಮಾರಿಗೆ ಮಾರ್ಟಿನ್ ಕಂಪನಿಯವರು ಹಿಂದೂಸ್ಥಾನದ ಬೀಟೆಗೆ ತಿರುಗಿದರು. ನಮ್ಮ ಪಶ್ಚಿಮ ಘಟ್ಟದ ಮರ ಅದು. ಮಲೆನಾಡಿನ ಹಳೆಯ ಮನೆಗಳ ಮಂಚ, ತೊಟ್ಟಿಲುಗಳಲ್ಲಿ ಕಪ್ಪಗೆ ಮಿನುಗುವ ಅದೇ ಬೀಟೆ.

ಈ ಕಥೆಯನ್ನು ನಾನು ಆಚಾರ್ರ ಕಾರ್ಖಾನೆಯಲ್ಲಿ ಹೊಟ್ಟಿನ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿದೆ. ಅವರು ಉಜ್ಜುವುದನ್ನು ನಿಲ್ಲಿಸದೆ ಕೇಳಿದರು. ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ:

"ಹಂಗಾದ್ರೆ ಬಡಗೇರೇ ಗೆದ್ರಾ?"

"ಗೆದ್ದರು."

"ತನ್ನಿ ಹಂಗಾದ್ರೆ, ನೋಡಾನ."

ಹಾಗೆ ನಮ್ಮ ಕೆಲಸ ಶುರುವಾಯಿತು. ಮೊದಲು ಕುದುರೆ. ಉಕ್ಕಿನ ತಂತಿ ಕಟ್ಟಿದ ಗಿಟಾರಿನ ಮೇಲೆ ಹಗಲೂ ರಾತ್ರಿ ಬೀಳುವ ಎಳೆತ ಹತ್ತಿರ ಹತ್ತಿರ 70 ಕೆ.ಜಿ. ಒಬ್ಬ ದೊಡ್ಡ ಮನುಷ್ಯ ಜೋತುಬಿದ್ದ ಹಾಗೆ. ಅದರ ಜೊತೆಗೆ ತೀರ್ಥಹಳ್ಳಿಯ ಮಳೆಯ ತೇವ. ಅಂಟು ಬಿಡದೆ ಏನು ಮಾಡೀತು? ಹೊಸ ಅಂಟು ಹಿಡಿಯಬೇಕಾದರೆ ಹಳೆಯ ಅಂಟು ಪೂರ್ತಿ ಹೋಗಬೇಕು, ಅದಕ್ಕಾಗಿ ಕುದುರೆಯನ್ನು ಬಿಡಿಸಬೇಕು. ಇದಕ್ಕೆಂದೇ ತೆಳ್ಳನೆಯ ಉಕ್ಕಿನ ಅಲಗುಗಳನ್ನು ಮಾರುತ್ತಾರೆ. ನಮ್ಮಲ್ಲಿ ಇದ್ದದ್ದು ದೋಸೆ ಮಗುಚುವ ಸಟ್ಟುಗ. ಹಲವು ವರ್ಷ ಕಾವಲಿಯ ಮೇಲೆ ಉಜ್ಜಿ ಉಜ್ಜಿ ಅದರ ಅಂಚು ಕಾಗದದಷ್ಟು ತೆಳುವಾಗಿತ್ತು. ಕುದುರೆಯ ಮೇಲೆ ಒದ್ದೆ ಬಟ್ಟೆ ಮಡಿಸಿಟ್ಟು ಇಸ್ತ್ರಿ ಪೆಟ್ಟಿಗೆಯಿಂದ ಮೆಲ್ಲಗೆ ಕಾವು ಕೊಟ್ಟು, ಬಿಸಿ ಮಾಡಿದ ಸಟ್ಟುಗವನ್ನು ಆಚಾರ್ರು ಕೂದಲೆಳೆಯಷ್ಟು ಕೂದಲೆಳೆಯಷ್ಟು ಒಳಗೆ ನೂಕಿದರು. ಅರ್ಧ ಗಂಟೆಯಲ್ಲಿ ಕುದುರೆ ಕೈಗೆ ಬಂತು.

ಮತ್ತೆ ಅಂಟಿಸಿದ ಮೇಲೆ ಒತ್ತಿ ಹಿಡಿಯಬೇಕಲ್ಲ? ಗಿಟಾರಿನ ದುಂಡು ಬಾಯಿಯೊಳಗೆ ಕೈ ಹಾಕಿ ಕುದುರೆಯ ತನಕ ಮುಟ್ಟುವ ಉದ್ದ ಕತ್ತಿನ ಕ್ಲಾಂಪು ಆಚಾರ್ರ ಬಳಿ ಇರಲಿಲ್ಲ. ಎರಡು ತೇಗದ ಪಟ್ಟಿ, ನಡುವೆ ಒಂದು ಉದ್ದನೆಯ ಬೋಲ್ಟು, ಹಿಂದೆ ಒಂದು ಬೆಣೆ. ಹತ್ತು ನಿಮಿಷದಲ್ಲಿ ತಾವೇ ಒಂದು ಮಾಡಿಕೊಂಡರು. ಎರಡು ದಿನ ಅದನ್ನು ಅಲುಗಿಸಲು ಯಾರಿಗೂ ಬಿಡಲಿಲ್ಲ.

ಆಮೇಲೆ ದಂಡಿ. ತಂತಿಯ ಎಳೆತಕ್ಕೆ ದಂಡಿ ಬಾಗದಿರಲೆಂದು ಅದರ ಒಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳು ಇರುತ್ತದೆ. ಬಿಗಿ ಮಾಡಿದರೆ ದಂಡಿ ಹಿಂದಕ್ಕೆ, ಸಡಿಲಿಸಿದರೆ ಮುಂದಕ್ಕೆ. ತಿರುಗಿಸಿ ಹೊಂದಿಸಬಹುದಾದ ಇಂಥ ಸರಳನ್ನು ರೂಪಿಸಿದವನು ಅಮೆರಿಕದ ಗಿಬ್ಸನ್ ಕಂಪನಿಯ ಕೆಲಸಗಾರ ಥ್ಯಾಡಿಯಸ್ ಮೆಕ್‌ಹ್ಯೂ. ಅದಕ್ಕೆ 1923ರಲ್ಲಿ ಪೇಟೆಂಟ್ ಸಿಕ್ಕಿತು.

ಗಿಬ್ಸನ್ ಎಂದಾಗ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಆ ಕಾರ್ಖಾನೆ ಇದ್ದದ್ದು ಮಿಷಿಗನ್ ರಾಜ್ಯದ ಕಲಮಜೂ ಎಂಬ ಊರಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಗಂಡಸರೆಲ್ಲ ಯುದ್ಧಕ್ಕೆ ಹೋದರು. ಯುದ್ಧದ ವರ್ಷಗಳಲ್ಲಿ ತಾವು ಗಿಟಾರನ್ನೇ ಮಾಡಲಿಲ್ಲ ಎನ್ನುವಂತೆ ಕಂಪನಿ ಬಹುಕಾಲ ಹೇಳಿಕೊಂಡು ಬಂತು. ಆದರೆ 1942ರಿಂದ 1945ರವರೆಗಿನ ಗಿಟಾರುಗಳು ಸಾವಿರಗಟ್ಟಲೆ ಇವೆ! ಮಾಡಿದವರು ಯಾರು? 1944ರ ಒಂದು ಫೋಟೊದಲ್ಲಿ ಕಾರ್ಖಾನೆಯ ಮುಂದೆ ಸಾಲಾಗಿ ನಿಂತ ಸುಮಾರು ಎಪ್ಪತ್ತೈದು ಹೆಂಗಸರು ಇದ್ದಾರೆ. ಜಾನ್ ಥಾಮಸ್ ಎಂಬ ಕಾನೂನು ಪ್ರಾಧ್ಯಾಪಕರು ಆ ಫೋಟೊ ಹಿಡಿದು ಹುಡುಕುತ್ತಾ ಹೋಗಿ, ಬದುಕಿದ್ದ ಕೆಲವು ಮುದುಕಿಯರನ್ನು ಮಾತಾಡಿಸಿ 2012ರಲ್ಲಿ ಪುಸ್ತಕ ಬರೆದರು. ಸುಮಾರು 25,000 ವಾದ್ಯಗಳು ಆ ಕೈಗಳಿಂದ ಬಂದವಂತೆ. ಅವರು ಗಿಟಾರುಗಳಿಗೆ ಎಕ್ಸ್‌ರೇ ಹಿಡಿಸಿ ನೋಡಿದಾಗ, ಆ ಹೆಂಗಸರು ಮಾಡಿದ ಗಿಟಾರುಗಳ ಒಳಭಾಗಗಳು ಹಿಂದಿನವಕ್ಕಿಂತ ತೆಳುವಾಗಿ, ನಯವಾಗಿ ಇದ್ದದ್ದು ಕಂಡಿತು. ಇಂದು ಸಂಗ್ರಹಕಾರರು ಆ ಗಿಟಾರುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಮಾಡಿದವರ ಹೆಸರು ಮಾತ್ರ ಎಪ್ಪತ್ತು ವರ್ಷ ಯಾರಿಗೂ ಬೇಡವಾಗಿತ್ತು.

ಪಿಟೀಲಿನವರ ಕಟ್ಟುಪಾಡಾದರೂ ಉಳಿಯಿತೇ? ನ್ಯೂಜೆರ್ಸಿಯ ಮಾಂಟ್‌ಕ್ಲೇರ್ ಊರಿನ ಕಾರ್ಲೀನ್ ಹಚಿನ್ಸ್ ಎಂಬ ವಿಜ್ಞಾನದ ಮೇಡಂ, 1940ರ ದಶಕದ ಕೊನೆಯಲ್ಲಿ ಎಳೆ ಮಕ್ಕಳನ್ನು ಇಟ್ಟುಕೊಂಡು ಮನೆಯಲ್ಲಿಯೇ ಒಂದು ವಯೋಲ ಕೆತ್ತಿದರು. ಮುಂದೆ ಹಾರ್ವರ್ಡಿನ ಭೌತವಿಜ್ಞಾನಿ ಫ್ರೆಡರಿಕ್ ಸಾಂಡರ್ಸ್ ಅವರೊಡನೆ ಸೇರಿ, ಮರದ ಹಲಗೆ ಹೇಗೆ ಕಂಪಿಸುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ಹಲಗೆಯ ಮೇಲೆ ಕ್ರಿಸ್‌ಮಸ್ ಅಲಂಕಾರದ ಮಿನುಗು ಪುಡಿ ಉದುರಿಸಿ, ಸ್ವರ ಹೊರಡಿಸಿ, ಪುಡಿ ರಂಗೋಲಿಯ ಹಾಗೆ ಸಾಲುಗಟ್ಟುವುದನ್ನು ನೋಡುತ್ತಿದ್ದರು. 2009ರಲ್ಲಿ ತೀರಿಕೊಳ್ಳುವಾಗ ಆಕೆಗೆ 98 ವರ್ಷ. ವಿಜ್ಞಾನ ಪತ್ರಿಕೆಗಳು ಪ್ರಕಟಿಸಿದ ಸಂಶೋಧನೆಗೆ ಬೇಕಾದ ಪುಡಿ ಮಕ್ಕಳ ಹಬ್ಬದ ಡಬ್ಬಿಯಲ್ಲಿತ್ತು ಎನ್ನುವುದು ನನಗೆ ತುಂಬ ಇಷ್ಟವಾದ ಮಾತು.

ಹಾಗಾದರೆ ಗಿಟಾರಿಗೆಂದೇ ಬೇರೆ ಉಪಕರಣಗಳು ಯಾವಾಗ ಬಂದವು? ಅಮೆರಿಕದಲ್ಲಿ ಜಾನಪದ ಹಾಡುಗಳ ಅಲೆ ಎದ್ದ 1960ರ ದಶಕದಲ್ಲಿ ಮನೆಮನೆಗೂ ಗಿಟಾರು ಬಂತು. ಅರ್ವಿಂಗ್ ಸ್ಲೋನ್ 1966ರಲ್ಲಿ ಗಿಟಾರು ಕಟ್ಟುವುದರ ಬಗ್ಗೆಯೂ, 1973ರಲ್ಲಿ ರಿಪೇರಿಯ ಬಗ್ಗೆಯೂ ಪುಸ್ತಕ ಬರೆದರು. ಒಹಾಯೊ ರಾಜ್ಯದಲ್ಲಿ 1968ರಲ್ಲಿ ಬ್ಯಾಂಜೊ ಬಿಡಿಭಾಗ ಮಾರಲು ಶುರುವಾದ ಸ್ಟುವರ್ಟ್-ಮ್ಯಾಕ್‌ಡೊನಾಲ್ಡ್ ಎಂಬ ಕಂಪನಿ ಮುಂದೆ ಗಿಟಾರು ರಿಪೇರಿಯ ಉಪಕರಣಗಳನ್ನು ಅಂಚೆಯಲ್ಲಿ ಕಳಿಸಿ ಹೆಸರಾಯಿತು. ಒಳ್ಳೆಯ ಉಪಕರಣಗಳೇ. ದಿನಕ್ಕೆ ನಾಲ್ಕು ಗಿಟಾರು ನೋಡುವವರಿಗೆ ಆ ಬೆಲೆ ಹೊರೆಯಲ್ಲ. ಆದರೆ ಅವು ಮಾಡುವ ಕೆಲಸವನ್ನು ಬಿಡಿಸಿ ನೋಡಿದರೆ ಮೂರೇ ಮೂರು: ಸಣ್ಣ ಸಂದಿಯನ್ನು ಅಳೆಯುವುದು, ಸಣ್ಣ ಗೀರನ್ನು ಉಜ್ಜುವುದು, ಒತ್ತಿ ಹಿಡಿಯುವುದು. ಈ ಮೂರನ್ನೂ ಮಾಡುವ ಕಸುಬುದಾರರು ನಮ್ಮ ಪೇಟೆಯಲ್ಲಿಯೇ ಇದ್ದಾರಲ್ಲ!

ಸಂದಿ ಅಳೆಯಲು ಸ್ಕೂಟರ್ ಗ್ಯಾರೇಜಿಗೆ ಹೋದೆ. ಇಂಜಿನ್ನಿನ ಟ್ಯಾಪೆಟ್ ಸಂದಿ ನೋಡಲು ಅವರ ಬಳಿ ಫೀಲರ್ ಗೇಜ್ ಎನ್ನುವ ತೆಳ್ಳನೆಯ ಉಕ್ಕಿನ ಎಲೆಗಳ ಗೊಂಚಲು ಇರುತ್ತದೆ. ಪ್ರತಿ ಎಲೆಯ ಮೇಲೂ ಅದರ ದಪ್ಪ ಬರೆದಿರುತ್ತದೆ. ತಂತಿಯನ್ನು ಮೊದಲ ಮೆಟ್ಟಿಲಿನಲ್ಲೂ, ದಂಡಿ ಒಡಲಿಗೆ ಸೇರುವಲ್ಲಿಯ ಮೆಟ್ಟಿಲಿನಲ್ಲೂ ಒತ್ತಿ ಹಿಡಿದು, ನಡುವೆ ಏಳನೆಯ ಮೆಟ್ಟಿಲಿನ ಹತ್ತಿರ ಎಲೆ ತೂರಿಸಿ ನೋಡಬೇಕು. 0.2ರಿಂದ 0.3 ಮಿಲಿಮೀಟರ್ ಇದ್ದರೆ ಸರಿ. ನಮ್ಮದರಲ್ಲಿ ಒಂದಕ್ಕಿಂತ ಹೆಚ್ಚಿತ್ತು. ಸರಳು ತಿರುಗಿಸುವ ಅಲೆನ್ ಕೀ ಅದೇ ಗ್ಯಾರೇಜಿನ ಹುಡುಗ ಕೊಟ್ಟ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ; ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೆ ಅಳತೆ. ಹೆಪ್ಪು ಹಾಕಿದ ಹಾಲನ್ನು ಕಲಕಬಾರದಲ್ಲ, ಹಾಗೆ. ನಾಲ್ಕನೆಯ ದಿನ ದಂಡಿ ನೆಟ್ಟಗಾಯಿತು.

ಗೀರು ಉಜ್ಜುವ ಅರಕ್ಕೆ ಬದಲು ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಗ್ಯಾಸಿನ ನಾಜಲ್ ಶುಚಿ ಮಾಡುವ ಸಣ್ಣ ಕಡ್ಡಿಗಳ ಡಬ್ಬಿ ತಂದೆ. ಬೇರೆ ಬೇರೆ ದಪ್ಪದ ಮುಳ್ಳುಮುಳ್ಳಾದ ತಂತಿಗಳು ಅವು. ಡಬ್ಬಿಗೆ ನೂರು ರೂಪಾಯಿಯ ಆಸುಪಾಸು. ಈ ಕೆಲಸ ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಅಲ್ಲಿಯೇ ಎಡವಿದ್ದು. ಐದು ಗೀರು ಸರಿಯಾದ ಸಂಭ್ರಮದಲ್ಲಿ ಆರನೆಯದನ್ನು ಎರಡೆಳೆ ಹೆಚ್ಚಿಗೆ ಉಜ್ಜಿಬಿಟ್ಟೆ. ತಂತಿ ಮೆಟ್ಟಿಲಿಗೆ ತಾಗಿ ದುಂಬಿಯ ಹಾಗೆ ಗುಂಯ್‌ಗುಡತೊಡಗಿತು. ಹುಡುಗಿಯ ಮುಖ ನೋಡಲಾರದೆ ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತೆ.

ಪರಿಹಾರವೂ ಅಡುಗೆಮನೆಯಲ್ಲಿಯೇ ಇತ್ತು. ರಿಪೇರಿಯವರೆಲ್ಲ ಬಲ್ಲ ಒಂದು ಉಪಾಯ ಓದಿದ್ದು ನೆನಪಾಯಿತು. ಗೀರಿನೊಳಗೆ ಚಿಟಿಕೆ ಅಡುಗೆ ಸೋಡ ತುಂಬಿ, ಮೇಲೆ ಒಂದು ಹನಿ ಫೆವಿಕ್ವಿಕ್ ಬಿಟ್ಟರೆ ಕ್ಷಣದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮತ್ತೆ ಹೊಸದಾಗಿ ಗೀರು ಮಾಡಬಹುದು. ಈ ಸಲ ಕಡ್ಡಿಯನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ನಾಲ್ಕು ಸಲ ಉಜ್ಜುವುದು, ತಂತಿ ಕೂರಿಸಿ ಕೇಳುವುದು, ಮತ್ತೆ ನಾಲ್ಕು ಸಲ. ನನಗಿಲ್ಲದ ತಾಳ್ಮೆ ಅವಳಲ್ಲಿತ್ತು. ಅವಳ ಅಪ್ಪನಿಗೂ ಹಾಗೆಯೇ, ಸ್ವರ ಕೂಡುವ ತನಕ ಎಷ್ಟು ಹೊತ್ತಾದರೂ ಬಿರಡೆ ತಿರುಗಿಸುತ್ತಾ ಕೂರುತ್ತಿದ್ದ.

ಎಲ್ಲವನ್ನೂ ಮನೆಯಲ್ಲೇ ಮಾಡಬಹುದು ಎಂದು ನಾನು ಹೇಳುತ್ತಿಲ್ಲ. ದಂಡಿ ಮುರಿದಿದ್ದರೆ, ಮೆಟ್ಟಿಲುಗಳನ್ನೆಲ್ಲ ಕಿತ್ತು ಹೊಸದು ಹಾಕಬೇಕಾಗಿದ್ದರೆ ಬಲ್ಲವರ ಕೈಗೇ ಕೊಡಬೇಕು. ವೀಣೆಗೆ ಮೇಣ ಕಾಯಿಸಿ ಇಪ್ಪತ್ನಾಲ್ಕು ಮೆಟ್ಟಿಲು ಕೂರಿಸುವವರ ಕಿವಿಯನ್ನು ಯಾವ ಗ್ಯಾರೇಜಿನಲ್ಲೂ ಎರವಲು ತರಲಾಗುವುದಿಲ್ಲ. ಆ ವಿದ್ಯೆಗೆ ಬೆಲೆ ಕೊಡಲೇಬೇಕು. ಆದರೆ ಎಲ್ಲಿಯವರೆಗೆ ನಮ್ಮ ಕೈ ಸಾಕು, ಎಲ್ಲಿಂದ ಬಲ್ಲವರು ಬೇಕು ಎಂದು ತಿಳಿಯುವುದಕ್ಕೂ ಮೊದಲು ಒಮ್ಮೆ ಕೈ ಹಾಕಿಯೇ ನೋಡಬೇಕಲ್ಲವೇ? ಕೈ ಹಾಕಬಾರದು ಎನ್ನುವ ಮಾತನ್ನು ಮಾರ್ಕ್‌ನ್ಯೂಕಿರ್ಶೆನ್ನಿನ ಬಡಗಿಗಳು ಕೇಳಿದ್ದರೆ ಮಾರ್ಟಿನ್ ಗಿಟಾರು ಇರುತ್ತಿರಲಿಲ್ಲ.

ಹೊಸ ತಂತಿ ಕಟ್ಟಿದ ಸಂಜೆ ಹುಡುಗಿ ಅದನ್ನು ಆಚಾರ್ರ ಕಾರ್ಖಾನೆಗೆ ಒಯ್ದಳು. ಅವಳಿಗೆ ಆಗ ಬರುತ್ತಿದ್ದುದು ಸ ರಿ ಗ ಮ ಮಾತ್ರ. ಅಷ್ಟನ್ನೇ ನುಡಿಸಿದಳು. ಆಚಾರ್ರು ರಂಧದ ಮೇಲೆ ಕೈ ಇಟ್ಟುಕೊಂಡು ಕೇಳಿದರು. ದುಡ್ಡೆಷ್ಟು ಎಂದಾಗ ಬೇಡವೆನ್ನಲಿಲ್ಲ. ಎರಡು ದಿನದ ಕೂಲಿ ಲೆಕ್ಕ ಹಾಕಿ ತೆಗೆದುಕೊಂಡರು. ಅದು ನನಗೆ ಸರಿ ಎನ್ನಿಸಿತು. ಕೆಲಸವನ್ನು ಕಸುಬೆಂದು ಒಪ್ಪಿಕೊಂಡ ಲಕ್ಷಣ ಅದು. ಬರುವಾಗ ಅವರ ಲೆಕ್ಕದ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಪೆನ್ಸಿಲಿನಲ್ಲಿ ಬರೆದಿದ್ದರು: ಬಾಗಿಲು 2, ಕಿಟಕಿ 4, ವಾದ್ಯ 1.